ಹಲ್ಲುನೋವಿಗೆ ಮಾತ್ರೆ ನುಂಗುವ ಮುನ್ನ

ಹಲ್ಲುನೋವು ಸಾಮಾನ್ಯವಾಗಿ ಮಲಗಿದ ಮೇಲೆ ಕೆರಳುತ್ತದೆ. ತಲೆ ತಗ್ಗಿದಾಗ ಆ ಭಾಗಕ್ಕೆ ರಕ್ತದ ಒತ್ತಡ ಹೆಚ್ಚುವುದೇ ಇದಕ್ಕೆ ಕಾರಣವಾದ್ದರಿಂದ, ಇನ್ನೊಂದು ದಿಂಬು ಸೇರಿಸಿ ತಲೆ ಎತ್ತರಿಸಿಕೊಂಡರೆ ಸ್ವಲ್ಪ ಹಗುರವೆನಿಸುತ್ತದೆ. ಅದೂ ಸಾಲದೆಂದು ಔಷಧದ ಡಬ್ಬಿಗೆ ಕೈ ಹಾಕುವವರು ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ತಿಳಿದಿರಬೇಕು.

ಹಲ್ಲಿನ ಒಳಭಾಗ ಉರಿಯೂತಗೊಂಡಾಗ ಅಲ್ಲಿ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ನೋವನ್ನು ಹೆಚ್ಚಿಸುತ್ತವೆ. ಐಬುಪ್ರೊಫೆನ್ ಅವುಗಳ ಉತ್ಪತ್ತಿಯನ್ನೇ ತಗ್ಗಿಸುವುದರಿಂದ, ಬೇರೆ ಕಾಯಿಲೆಯಿಲ್ಲದ ವಯಸ್ಕರಿಗೆ ಹಲ್ಲುನೋವಿನಲ್ಲಿ ನಾನು ಮೊದಲು ಹೇಳುವುದು ಅದನ್ನೇ. ಏನಾದರೂ ತಿಂದ ಮೇಲೆ 200ರಿಂದ 400 ಮಿಲಿಗ್ರಾಂ ತೆಗೆದುಕೊಂಡು, ಆರು ಗಂಟೆಯಾದರೂ ಬಿಟ್ಟು ಮುಂದಿನದನ್ನು ನುಂಗಬೇಕು. ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಇಂಥ ಮಾತ್ರೆಗಳಿಂದ ಉಬ್ಬಸ ಕೆರಳುವವರು ಹಾಗೂ ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಅಂಥವರಲ್ಲಿ ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಸುರಕ್ಷಿತವಾದ ಆಯ್ಕೆ. ವಯಸ್ಕರು ಒಮ್ಮೆಗೆ 500ರಿಂದ 1000 ಮಿಲಿಗ್ರಾಂ ತೆಗೆದುಕೊಳ್ಳಬಹುದು. ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರವಿರಬೇಕು, ದಿನದ ಒಟ್ಟು ಮೊತ್ತ 4000 ಮಿಲಿಗ್ರಾಂ ದಾಟಬಾರದು. ತೂಕ ಕಡಿಮೆಯಿರುವವರಿಗೆ, ಯಕೃತ್ತಿನ ತೊಂದರೆ ಅಥವಾ ಕುಡಿತದ ಅಭ್ಯಾಸ ಇರುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿ, ಜ್ವರದ ಎಷ್ಟೋ ಔಷಧಗಳಲ್ಲಿಯೂ ಇದೇ ಅಡಗಿರುತ್ತದೆ. ಪಟ್ಟಿಯ ಹಿಂಬದಿ ಓದದೆ ಎರಡನ್ನೂ ನುಂಗಿದವರ ಯಕೃತ್ತಿಗೆ ಅರಿವಿಲ್ಲದೆಯೇ ಏಟು ಬೀಳುತ್ತದೆ. ಒಂದರಿಂದ ನೋವು ತಗ್ಗದಿದ್ದರೆ, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಕೆಲಸ ಮಾಡುವ ಬಗೆ ಬೇರೆಯಾದ್ದರಿಂದ ಅವೆರಡನ್ನು ಒಟ್ಟಿಗೆ ತೆಗೆದುಕೊಳ್ಳಬಹುದು. ಆದರೆ ಐಬುಪ್ರೊಫೆನ್ ಜೊತೆ ಅದೇ ಗುಂಪಿನ ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್‌ಗಳನ್ನು ಸೇರಿಸಬಾರದು. ನುಂಗಿದ ಹೊತ್ತನ್ನು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು, ಏಕೆಂದರೆ ನಿದ್ದೆಗೆಟ್ಟವರ ಲೆಕ್ಕವನ್ನು ನಂಬುವಂತಿಲ್ಲ.

ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣದ ಮಕ್ಕಳ ಔಷಧವನ್ನೇ ಕೊಡಬೇಕು. ಆಸ್ಪಿರಿನ್ ಮಾತ್ರ ಬೇಡವೇ ಬೇಡ, ಅದರಿಂದ ಅಪರೂಪಕ್ಕಾದರೂ ಮೆದುಳು ಮತ್ತು ಯಕೃತ್ತಿಗೆ ಗಂಭೀರ ಹಾನಿಯಾಗುವ ಸಂಭವವಿದೆ. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಒತ್ತಿಟ್ಟುಕೊಳ್ಳುವ ಹಳೆಯ ರೂಢಿಯನ್ನು ದೊಡ್ಡವರೂ ಬಿಡಬೇಕು: ವಸಡು ಸುಟ್ಟು ಬಿಳಿಚುತ್ತದೆಯೇ ಹೊರತು ನೋವು ಇಳಿಯುವುದಿಲ್ಲ. ಲವಂಗದ ಎಣ್ಣೆಯನ್ನೂ ನೇರವಾಗಿ ಸುರಿದುಕೊಳ್ಳಬಾರದು. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ನೋವುನಿವಾರಕವಲ್ಲ, ಅದನ್ನು ಮುಟ್ಟದಿರುವುದೇ ಲೇಸು.

ಮಾತ್ರೆ ನೋವನ್ನು ಅಡಗಿಸುತ್ತದೆ, ಹುಳುಕನ್ನಲ್ಲ. ಒಂದೆರಡು ದಿನದಲ್ಲಿ ದಂತವೈದ್ಯರನ್ನು ಕಾಣಲೇಬೇಕು. ನೋವು ತಾನಾಗಿ ಥಟ್ಟನೆ ನಿಂತರೂ ಹೋಗುವುದನ್ನು ಕೈಬಿಡಬಾರದು, ಏಕೆಂದರೆ ಹಲ್ಲಿನೊಳಗಿನ ನರ ಸತ್ತು ಸೋಂಕು ಬೇರಿಗೆ ಇಳಿದಿರಬಹುದು. ಜ್ವರದೊಂದಿಗೆ ಮುಖ ಊದಿಕೊಂಡು ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡಿದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬೆಳಗಾಗುವವರೆಗೂ ಕಾಯದೆ ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.