ಹಳ್ಳಿ ರೇಡಿಯೋ ಕಟ್ಟೋದು ಹೇಗೆ: ಕೆರಿಬಿಯನ್ ಗುಡ್ಡದ ಮೇಲೆ ಒಂದು ಆಂಟೆನಾ

ಕೆರಿಬಿಯನ್ ಕಡೆ ಹಳ್ಳಿ ರೇಡಿಯೋ ಶುರು ಮಾಡೋರು ದುಡ್ಡನ್ನೆಲ್ಲ ಟ್ರಾನ್ಸ್‌ಮಿಟರ್‌ಗೆ, ಸ್ಟುಡಿಯೋ ಮೈಕಿಗೆ ಸುರಿದು ಆಂಟೆನಾ ಕೆಲಸನ ಕೊನೇ ದಿನ ಗಡಿಬಿಡೀಲಿ ಮುಗಿಸ್ತಾರೆ, ಎರಡು ಮಳೆ ಬಿದ್ರೆ ಸ್ಟೇಷನ್ ಬಾಯಿ ಮುಚ್ಚತ್ತೆ. ಅದನ್ನ ನೋಡಿ ನೋಡಿ ಇದನ್ನ ಬರೀತಿದೀನಿ.

ಮೊದಲು ಲೈಸೆನ್ಸ್. ಅದು ಕೈಗೆ ಬರೋವರೆಗೂ ಏನೂ ಕೊಳ್ಳಬೇಡಿ.

ಆಮೇಲೆ ಜಾಗ. ಎಫ್‌ಎಂ ಅಲೆ ನೇರಕ್ಕೆ ಹೋಗತ್ತೆ, ಗುಡ್ಡ ಅಡ್ಡ ಬಂದ್ರೆ ಹಿಂದಿನ ಊರಿಗೆ ಕೇಳಲ್ಲ. ಜಮೈಕಾದ ಸೇಂಟ್ ಮೇರೀಲಿ ಜೆಫ್ರಿ ಟೌನ್ ರೈತರ ಸಂಘ ಜೆಟ್ ಎಫ್‌ಎಂ ನಡೆಸತ್ತಲ್ಲ, ಅಂಥ ಗುಡ್ಡಗಾಡಿಗೆ ವ್ಯಾಟ್ ಏರಿಸೋದಕ್ಕಿಂತ ಆಂಟೆನಾ ಎತ್ತರಿಸೋದೇ ಸರಿ.

ಈಗ ಎಲ್ಲರೂ ಕೆಡಿಸೋ ಕೆಲಸ, ಟ್ರಾನ್ಸ್‌ಮಿಟರಿಂದ ಆಂಟೆನಾಗೆ ಹೋಗೋ ಕೇಬಲ್ಲಿನ ಜಾಯಿಂಟ್. ಒಂದು ಸ್ಟೇಷನ್ನಲ್ಲಿ ಕನೆಕ್ಟರ್ ಬಿಚ್ಚಿದ್ರೆ ಒಳಗಿನ ತಾಮ್ರದ ಜಾಲರಿ ಹಸಿರು ಪುಡಿಯಾಗಿತ್ತು, ಬೆರಳು ತಾಗಿದ್ರೆ ಉದುರ್ತಿತ್ತು, ಸಮುದ್ರದ ಉಪ್ಪು ಗಾಳಿ ಅಂದ್ರೆ ಹಾಗೇ. ಮೇಲೆ ಸುತ್ತಿದ್ದು ಬರೀ ಕಪ್ಪು ಇನ್ಸುಲೇಷನ್ ಟೇಪು, ಬಿಸಿಲಿಗೆ ಅಂಟು ಕರಗಿ ಬಿಟ್ಕೊಂಡಿತ್ತು. ಅದೊಂದನ್ನೇ ನಂಬಬೇಡಿ. ತನಗೆ ತಾನೇ ಬೆಸ್ಕೊಳ್ಳೋ ರಬ್ಬರ್ ಟೇಪ್ ತಗೊಳ್ಳಿ, ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚೋ ಹಾಗೆ ಕೆಳಗಿಂದ ಮೇಲಕ್ಕೆ ಸುತ್ತಿ, ಹೆಂಚಿನ ಮೇಲೆ ಜಾರೋ ಹಾಗೆ ನೀರು ಜಾರಬೇಕು. ಕೇಬಲ್ ರೂಮಿನೊಳಗೆ ಹೋಗೋ ಮುಂಚೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕತ್ತೆ. ಅಗ್ಗ ಅಂತ ತೆಳ್ಳಗಿನ ಆರ್‌ಜಿ-58 ಕೇಬಲ್ ಹಾಕಬೇಡಿ, ಉದ್ದ ಜಾಸ್ತಿ ಆದಷ್ಟೂ ಪವರ್ ಕೇಬಲ್ಲಲ್ಲೇ ಬಿಸಿಯಾಗಿ ಹೋಗತ್ತೆ. ಕೊನೇಲಿ ಎಸ್‌ಡಬ್ಲ್ಯೂಆರ್ ಮೀಟರ್ (ಆಂಟೆನಾಗೆ ಹೋದ ಪವರ್ ಎಷ್ಟು ವಾಪಸ್ ಬರತ್ತೆ ಅಂತ ತೋರಿಸೋದು) ಇಟ್ಟು ನೋಡಿ, 1.5ರ ಒಳಗಿರಬೇಕು, 3 ತೋರಿಸಿದ್ರೆ ಕಾಲು ಭಾಗ ಪವರ್ ವಾಪಸ್ ಬರ್ತಿದೆ ಅಂತ ಅರ್ಥ. ಆಂಟೆನಾ ಸಿಗಿಸದೆ ಟ್ರಾನ್ಸ್‌ಮಿಟರ್ ಆನ್ ಮಾಡಲೇಬೇಡಿ, ಸುಟ್ಟುಹೋಗತ್ತೆ.

ಆಂಟೆನಾ ಕಂಬದ ಬುಡಕ್ಕೆ ಕೀಲು ಹಾಕಿಸಿ. ಜೂನ್‌ನಿಂದ ನವೆಂಬರ್‌ವರೆಗೆ ಹರಿಕೇನ್ ಕಾಲ, ಮುನ್ಸೂಚನೆ ಬಂದ ತಕ್ಷಣ ಕಂಬ ಮಲಗಿಸಿ ಕಟ್ಟಿಬಿಡಬೇಕು, ಗಾಳಿ ನಿಂತ ಮೇಲೆ ಎತ್ತಿ ನಿಲ್ಲಿಸಬೇಕು. ಮೊಬೈಲ್ ಟವರ್ ಬಿದ್ದ ದಿನ ಯಾವ ರಸ್ತೆ ಮುಚ್ಚಿದೆ, ಕುಡಿಯೋ ನೀರು ಎಲ್ಲಿ ಸಿಗತ್ತೆ ಅಂತ ಹೇಳೋದು ಈ ರೇಡಿಯೋನೇ, ಅದಕ್ಕೆ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಇರಲೇಬೇಕು.

ಸ್ಟುಡಿಯೋಗೆ ಎರಡು ಮೈಕು, ಸಣ್ಣ ಮಿಕ್ಸರ್, ಗೋಡೆಗೆ ಕಂಬಳಿ ಸಾಕು.

ಕಾರ್ಯಕ್ರಮ ಊರಿನ ಭಾಷೇಲೇ ಇರಲಿ. ಡೊಮಿನಿಕನ್ ರಿಪಬ್ಲಿಕ್‌ನ ತಮಾಯೋದಲ್ಲಿ ರೇಡಿಯೋ ಎನ್ರಿಕಿಯೋ ಅಂತ ಇದೆ. 1991ರಲ್ಲಿ ಪಕ್ಕದ ಹೈಟೀಲಿ ಸೈನ್ಯ ಅಧಿಕಾರ ಹಿಡಿದಾಗ ಇವರು ಹೈಟಿ ಜನರ ಮಾತಾದ ಕ್ರಿಯೋಲ್‌ನಲ್ಲಿ ಸುದ್ದಿ ಓದೋಕೆ ಶುರು ಮಾಡಿದ್ರು, ಡೊಮಿನಿಕನ್ ಸರ್ಕಾರ ಬೇಡ ಅಂತು, ಆಗ ಸುದ್ದೀನೇ ಹಾಡು ಕಟ್ಟಿ ಹಾಡಿದ್ರು.