ಜೀನಿನ ಪಾಲೆಷ್ಟು, ಒಲೆಯ ಪಾಲೆಷ್ಟು: ಮಲೆನಾಡಿನ ಮನೆಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಲೆಕ್ಕ

ಕರುಳಿನ ಸೂಕ್ಷ್ಮಜೀವಿಗಳನ್ನೂ ರಕ್ತದ ಮೆಟಬೊಲೈಟ್‌ಗಳನ್ನೂ (ಮೈಯ ರಾಸಾಯನಿಕ ಕ್ರಿಯೆಗಳಲ್ಲಿ ಓಡಾಡುವ ಸಣ್ಣ ಅಣುಗಳನ್ನೂ) ಜೀನುಗಳೊಂದಿಗೆ ತಾಳೆ ಹಾಕುವಾಗ ಮಲೆನಾಡಿನ ಕೂಡು ಕುಟುಂಬದಲ್ಲಿ ಮೊದಲು ಎದುರಾಗುವ ತೊಡಕು ಇದು: ಅಣ್ಣತಮ್ಮಂದಿರಿಗೆ ಜೀನೂ ಒಂದೇ ಮೂಲದ್ದು, ಅನ್ನದ ತಪ್ಪಲೆಯೂ ಒಂದೇ. ಬಿಡಿಸದೆ ಲೆಕ್ಕ ಹಾಕಿದರೆ ಒಲೆಯ ಪಾಲೆಲ್ಲ ಜೀನಿನ ಖಾತೆಗೆ ಜಮೆಯಾಗಿ ಆನುವಂಶಿಕತೆ (ಜನರ ನಡುವಿನ ವ್ಯತ್ಯಾಸದಲ್ಲಿ ಜೀನಿನ ಪಾಲು) ಸುಳ್ಳೇ ಏರುತ್ತದೆ.

ಅದಕ್ಕೇ ಸ್ಯಾಂಪಲ್ ತೆಗೆಯುವ ದಿನವೇ ಪ್ರತಿಯೊಬ್ಬರಿಗೂ ಒಂದು ಒಲೆ ಸಂಖ್ಯೆ ಕೊಡುತ್ತೇನೆ. ರೇಷನ್ ಕಾರ್ಡ್ ಇದಕ್ಕೆ ಸಾಲದು. ತೀರ್ಥಹಳ್ಳಿ, ಹೊಸನಗರದ ಕಡೆ ಪಾಲಾದ ಮನೆಗಳಲ್ಲಿ ಒಂದೇ ಮಾಡಿನಡಿ ಎರಡು ಅಡುಗೆಮನೆ ಇರುವುದುಂಟು. "ಮಧ್ಯಾಹ್ನದ ಊಟ ಯಾರ್ ಯಾರದ್ದು ಒಟ್ಟಿಗೆ?" ಎಂದು ಕೇಳುವುದೇ ಸರಿ. ಕುಡಿಯುವ ನೀರು ಬಾವಿಯದೋ ಅಬ್ಬಿಯದೋ ಎಂಬುದಕ್ಕೂ ಒಂದು ಕಾಲಂ ಇರಲಿ.

ಗಂಡ-ಹೆಂಡಿರ ನಡುವೆ ಕಾಣುವ ಹೋಲಿಕೆಯೆಲ್ಲ ಮನೆಯದೇ ಎಂಬ ಸಾಮಾನ್ಯ ಊಹೆ ನಮ್ಮಲ್ಲಿ ನಡೆಯದು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟ ಸಂಬಂಧಗಳು ಇರುತ್ತವೆ. ಸೋದರಮಾವ ಮತ್ತು ಅಕ್ಕನ ಮಗಳ ಕಿನ್‌ಶಿಪ್ ಗುಣಾಂಕ (ಇಬ್ಬರ ರಕ್ತಸಂಬಂಧದ ಅಳತೆ) 0.125, ಅವರ ಮಕ್ಕಳಿಬ್ಬರ ನಡುವೆ ಸಾಮಾನ್ಯ ಒಡಹುಟ್ಟಿದವರ 0.25ರ ಬದಲು 0.3125 ಬರುತ್ತದೆ. ಮನೆಯವರು ಹೇಳಿದ ಸಂಬಂಧವನ್ನು ಡಿಎನ್ಎಯಿಂದ ಸಂಬಂಧ ಅಳೆಯುವ ಕಿಂಗ್ ತಂತ್ರಾಂಶ ಕೊಡುವ ಅಂಕಿಯ ಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಟ್ಯೂಬಿನ ಚೀಟಿ ಅದಲುಬದಲಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ಒಳಸಂಬಂಧದಿಂದ ಹೆಟೆರೊಝೈಗಸ್‌ಗಳು (ಜೀನಿನ ಎರಡು ಪ್ರತಿಗಳು ಬೇರೆ ಬೇರೆ ಇರುವವರು) ಕಡಿಮೆಯಾಗುವುದರಿಂದ ಹಾರ್ಡಿ-ವೈನ್‌ಬರ್ಗ್ ಜರಡಿಯನ್ನು (ಜೀನೋಟೈಪ್‌ಗಳ ಪ್ರಮಾಣ ನಿರೀಕ್ಷೆಗೆ ಹೊಂದದ ಗುರುತುಗಳನ್ನು ತೆಗೆಯುವ ಪರೀಕ್ಷೆಯನ್ನು) ಪಿ-ಮೌಲ್ಯ 1×10⁻⁶ಕ್ಕೆ ಬಿಗಿದರೆ ಒಳ್ಳೆಯ ಡಿಎನ್ಎ ಗುರುತುಗಳೂ ಉದುರುತ್ತವೆ. ನಾನು 1×10⁻¹⁰ಕ್ಕೆ ಸಡಿಲಿಸುತ್ತೇನೆ.

ಸೂಕ್ಷ್ಮಜೀವಿಗಳ ಎಣಿಕೆಗೆ ಸಿಎಲ್‌ಆರ್ ರೂಪಾಂತರ (ಪ್ರತಿ ಎಣಿಕೆಯನ್ನು ಆ ಸ್ಯಾಂಪಲ್ಲಿನ ಗುಣೋತ್ತರ ಮಾಧ್ಯದಿಂದ ಭಾಗಿಸಿ ಲಾಗ್ ತೆಗೆಯುವುದು), ಮೆಟಬೊಲೈಟ್‌ಗಳಿಗೆ ಲಾಗ್. ಶೇ. 20ಕ್ಕಿಂತ ಕಡಿಮೆ ಜನರಲ್ಲಿ ಸಿಗುವ ಕುಲಗಳನ್ನು ಇದೆ-ಇಲ್ಲ ಎಂದಷ್ಟೇ ನೋಡುವುದು ಕ್ಷೇಮ, ಸೊನ್ನೆಗಳ ರಾಶಿಗೆ ಸಿಎಲ್‌ಆರ್ ಅರ್ಥವಿಲ್ಲದ ಅಂಕಿ ಕೊಡುತ್ತದೆ.

ಮುಖ್ಯ ಲೆಕ್ಕ ಜಿಸಿಟಿಎಯಲ್ಲಿ, ಅಂದರೆ ಜನರ ನಡುವಿನ ವ್ಯತ್ಯಾಸವನ್ನು ಕಾರಣಗಳಿಗೆ ಪಾಲು ಹಾಕುವ ತಂತ್ರಾಂಶದಲ್ಲಿ. ಒಂದು ಮ್ಯಾಟ್ರಿಕ್ಸ್ (ಪ್ರತಿ ಇಬ್ಬರ ಹೋಲಿಕೆಯ ಕೋಷ್ಟಕ) ಜೀನಿನದು. ಇನ್ನೊಂದು ಒಲೆಯದು: ಒಂದೇ ಒಲೆಯಾದರೆ 1, ಬೇರೆಯಾದರೆ 0, ಕರ್ಣದಲ್ಲಿ 1. ಇದನ್ನು ನಾಲ್ಕು ಕಾಲಮ್ಮಿನ ಪಠ್ಯ ಕಡತವಾಗಿ ಬರೆದು ಬೈನರಿಗೆ ಬದಲಿಸಿ, ಎರಡನ್ನೂ ಆ ತಂತ್ರಾಂಶದ ಎಂಜಿಆರ್‌ಎಂ (mgrm, ಹಲವು ಮ್ಯಾಟ್ರಿಕ್ಸ್) ಆಯ್ಕೆಯಲ್ಲಿ ಒಟ್ಟಿಗೆ ಕೊಡಬೇಕು. ಮೊದಲೆರಡು ಕಾಲಮ್ಮಿನ ಸಂಖ್ಯೆಗಳು ಐಡಿ ಕಡತದ (ಜನರ ಪಟ್ಟಿಯ) ಸಾಲುಗಳ ಕ್ರಮವನ್ನೇ ಸೂಚಿಸುತ್ತವೆ. ಆ ಕ್ರಮ ತಪ್ಪಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಒಲೆಯ ಪಾಲು ಸದ್ದಿಲ್ಲದೆ ಸೊನ್ನೆಯತ್ತ ಇಳಿಯುತ್ತದೆ.

ಒಲೆ ಒಂದಾದವರೆಲ್ಲ ರಕ್ತಸಂಬಂಧಿಗಳೂ ಆಗಿದ್ದರೆ ಎರಡು ಮ್ಯಾಟ್ರಿಕ್ಸುಗಳು ಒಂದೇ ಮಾತು ಹೇಳುತ್ತವೆ, ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಊದಿಕೊಳ್ಳುತ್ತದೆ. ಇದಕ್ಕೆ ಮದ್ದು ಜನರನ್ನು ಆರಿಸುವಲ್ಲೇ ಇದೆ. ಹೊರ ಸಂಬಂಧದಿಂದ ಬಂದ ಸೊಸೆಯದು ಒಲೆ ಒಂದೇ, ಜೀನು ಬೇರೆ. ಮದುವೆಯಾಗಿ ಸಾಗರಕ್ಕೋ ಸೊರಬಕ್ಕೋ ಹೋದ ಮಗಳದು ಜೀನು ಒಂದೇ, ಒಲೆ ಬೇರೆ. ಈ ಹೆಣ್ಣುಮಕ್ಕಳಿಲ್ಲದ ಅಧ್ಯಯನ ಎಷ್ಟೇ ದೊಡ್ಡದಿದ್ದರೂ ಇಲ್ಲಿ ಕುರುಡು.

ಪ್ರಯೋಗಾಲಯದ್ದೊಂದು ತಪ್ಪು ಸಹ ಒಲೆಯ ವೇಷದಲ್ಲಿ ಬರುತ್ತದೆ. ಹಳ್ಳಿಯಿಂದ ಬಂದ ಕ್ರಮದಲ್ಲೇ 96 ವೆಲ್‌ಗಳ (ಸಣ್ಣ ಗುಳಿಗಳ) ಪ್ಲೇಟ್ ತುಂಬಿದರೆ ಒಂದೇ ಮನೆಯವರು ಅಕ್ಕಪಕ್ಕ ಕೂರುತ್ತಾರೆ. ಡಿಎನ್ಎ ತೆಗೆಯುವಾಗ ಪಕ್ಕದ ವೆಲ್ಲಿಗೆ ಒಂದಿಷ್ಟು ಸಿಡಿದರೂ ಸಾಕು, ಅದು ಒಂದೇ ಮನೆಯವರ ಹೋಲಿಕೆಯಂತೆ ಕಾಣುತ್ತದೆ. ಮನೆಯವರನ್ನು ಪ್ಲೇಟುಗಳ ನಡುವೆ ಚದುರಿಸಿ, ಪ್ರತಿ ಪ್ಲೇಟಿನಲ್ಲೂ ಮೂರು ಖಾಲಿ ವೆಲ್ ಬೇರೆ ಬೇರೆ ಜಾಗದಲ್ಲಿಡಿ.

ಮಾದರಿ ನಿಜವಾಗಿ ಬಿಡಿಸುತ್ತಿದೆಯೇ? ಎರಡು ಗುರುತು ನೋಡುತ್ತೇನೆ. ಒಂದು ಅರೆಕೋಲಿನ್, ಅಡಿಕೆಯದು. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಧನಾತ್ಮಕ ಅಯಾನಾಗಿ ಎಂ/ಝಡ್ (ದ್ರವ್ಯರಾಶಿ ಮತ್ತು ವಿದ್ಯುದಂಶದ ಅನುಪಾತ) 156.10. ಕವಳದ ಅಭ್ಯಾಸ ಮನೆಮನೆಗೆ ಬೇರೆ, ಹಾಗಾಗಿ ಇದರ ಹೆಚ್ಚಿನ ಪಾಲು ಒಲೆಯ ಕಡೆ ಬೀಳಬೇಕು. ಜೀನಿನ ಕಡೆ ವಾಲಿದರೆ ಒಲೆ ಸಂಖ್ಯೆಗಳನ್ನು ಮತ್ತೆ ಪರಿಶೀಲಿಸಿ. ದಿನಕ್ಕೆ ಎಷ್ಟು ಕವಳ, ಹೊಗೆಸೊಪ್ಪು ಉಂಟೋ ಇಲ್ಲವೋ, ಕೊನೆಯದು ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿ ಬರೆದುಕೊಂಡಿರಬೇಕು. ಇನ್ನೊಂದು ಬಿಲಿರುಬಿನ್, ರಕ್ತದ ಹಳದಿ ಬಣ್ಣದ ವಸ್ತು, ಎಂ/ಝಡ್ 585.27. ಇದು 2ನೇ ಕ್ರೋಮೋಸೋಮಿನಲ್ಲಿ, ಬಿಲಿರುಬಿನ್ ಹೊರಹಾಕಲು ನೆರವಾಗುವ ಯುಜಿಟಿ1ಎ1 ಜೀನಿನ ಬಳಿ ಎದ್ದು ಕಾಣಬೇಕು. ಅಲ್ಲಿ ಏನೂ ಏಳದಿದ್ದರೆ ಜೀನೋಟೈಪ್ ಮತ್ತು ಪ್ಲಾಸ್ಮಾದ ಚೀಟಿಗಳು ಬೆಸೆದಿಲ್ಲ, ಇಲ್ಲವೇ ಟ್ಯೂಬಿಗೆ ಬೆಳಕು ತಾಗಿದೆ. ಬಿಲಿರುಬಿನ್ ಬೆಳಕಿಗೆ ಒಡೆಯುತ್ತದೆ. ರಕ್ತ ತೆಗೆದ ಕೂಡಲೇ ಅಲ್ಯೂಮಿನಿಯಂ ಹಾಳೆ ಸುತ್ತಿ ಐಸ್ ಡಬ್ಬಿಗೆ ಹಾಕಿ.