ಐಸು ಸೂರಿನಲ್ಲಿ, ತಪ್ಪು ಅಟ್ಟದಲ್ಲಿ

2019ರ ಫೆಬ್ರವರಿ ಮೊದಲ ವಾರದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ್ದೆ. ಸೂರಿನಿಂದ ಆಲದ ಬಿಳಲಿನ ಹಾಗೆ ಇಳಿಬಿದ್ದ ಐಸು, ಅದರ ಹಿಂದೆ ಸಂಜೆ ಬಿಸಿಲು. ತೀರ್ಥಹಳ್ಳಿಯ ಅತ್ತಿಗೆಯಿಂದ ಹಿಡಿದು ಬೆಂಗಳೂರಿನ ಚಿಕ್ಕಪ್ಪನವರೆಗೆ ಎಲ್ಲರೂ ಮೆಚ್ಚಿದರು. ನಾನೂ ಬೀಗಿದೆ. ಆ ಬಿಳಲು ಮನೆಗೆ ಹಿಡಿದ ಕಾಯಿಲೆಯ ಲಕ್ಷಣ ಅಂತ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರು. ಮನೆ 1978ರಲ್ಲಿ ಕಟ್ಟಿದ್ದು, ಒಂದೇ ಅಂತಸ್ತು. ಇಂಥದ್ದಕ್ಕೆ ಇಲ್ಲಿ ರ‍್ಯಾಂಬ್ಲರ್ ಅನ್ನುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಕೊಂಡಿದ್ದೆವು. ಬೇಸಿಗೆಯಲ್ಲಿ ಮನೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅಟ್ಟಕ್ಕೆ ಒಂದು ಸಲ ತಲೆ ಹಾಕಿ, ಸೆಕೆಗೆ ಬೆವೆತು, "ಸರಿ ಇದೆ" ಅಂತ ಇಳಿದಿದ್ದೆ.

ಆ ಚಳಿಗಾಲವೂ ಸಾಧಾರಣದ್ದಲ್ಲ. ಜನವರಿ ಕೊನೆಗೆ ಪೋಲಾರ್ ವೋರ್ಟೆಕ್ಸ್, ಅಂದರೆ ಧ್ರುವದ ಕಡೆಯ ಕೊರೆವ ಗಾಳಿ, ಬಂದು ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಡಿಗ್ರಿ ಸೆಲ್ಸಿಯಸ್. ಅದು ಹೋಯಿತು ಅನ್ನುವಷ್ಟರಲ್ಲಿ ಸ್ನೋ ಶುರು. ಫೆಬ್ರವರಿ ಒಂದೇ ತಿಂಗಳಲ್ಲಿ 39 ಇಂಚು. ಮಿನಿಯಾಪೊಲಿಸ್‌ನ ದಾಖಲೆಯಲ್ಲಿ ಯಾವ ಫೆಬ್ರವರಿಯಲ್ಲೂ ಅಷ್ಟು ಬಿದ್ದಿರಲಿಲ್ಲ.

ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಊಟದ ಮೇಜಿನ ಹತ್ತಿರ ಟಪ್ ಟಪ್ ಸದ್ದು. ಕಿಟಕಿಯ ಮೇಲ್ಚೌಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ಸೀಲಿಂಗ್‌ನಲ್ಲಿ ಚಹಾ ಬಣ್ಣದ ಕಲೆ, ತಟ್ಟೆಯಷ್ಟು ಅಗಲ. ಹೊರಗೆ ಮೈನಸ್ 12 ಡಿಗ್ರಿ. ಆ ಚಳಿಯಲ್ಲಿ ನೀರು ಎಲ್ಲಿಂದ ಬರಬೇಕು ಹೇಳಿ? ನಮ್ಮೂರಲ್ಲಿ ಆಷಾಢದ ಮಳೆಗೆ ಹಂಚಿನ ಮನೆ ಸೋರಿದಾಗ ಇಡುತ್ತಿದ್ದ ಹಾಗೆ ಬೋಗುಣಿ ಇಟ್ಟೆ, ಪಕ್ಕದಲ್ಲಿ ಇನ್ನೊಂದು ಪಾತ್ರೆ. ಅಮ್ಮನಿಗೆ ಫೋನ್ ಮಾಡಿದರೆ, "ಹಂಚು ಒಡೆದಿರಬೇಕು ನೋಡೋ, ಬೆಕ್ಕು ಓಡಾಡಿರುತ್ತೆ" ಅಂದರು. ಅಷ್ಟರಲ್ಲಿ ಕಲೆ ಇದ್ದ ಜಾಗ ಹೊಟ್ಟೆ ಬಂದ ಹಾಗೆ ಉಬ್ಬತೊಡಗಿತು. ಹಾಗಾದಾಗ ಸುಮ್ನೆ ನೋಡುತ್ತಾ ಕೂರಬಾರದು. ಸ್ಕ್ರೂಡ್ರೈವರಿನಿಂದ ಒಂದು ಸಣ್ಣ ತೂತು ಮಾಡಿ ನೀರು ಇಳಿಸಿಬಿಡಬೇಕು. ಇಲ್ಲದಿದ್ದರೆ ಸೀಲಿಂಗಿನ ಡ್ರೈವಾಲ್ (ಜಿಪ್ಸಮ್) ಹಲಗೆಯೇ ಕಳಚಿ ಬೀಳುತ್ತದೆ. ತೂತು ಮಾಡಿದೆ. ಅರ್ಧ ಬೋಗುಣಿ ತುಂಬಿತು.

ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಸ್ನೋ ಗೋರುತ್ತಿದ್ದವರು ಬಂದು ನಮ್ಮ ಸೂರು ನೋಡಿದರು. ಗಟರ್, ಅಂದರೆ ಸೂರಿನಂಚಿನ ಮಳೆನೀರಿನ ದೋಣಿ, ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಸುಮಾರು ಎಂಟು ಇಂಚು ದಪ್ಪದ ಐಸಿನ ದಿಂಡು, ಮನೆಯ ಉದ್ದಕ್ಕೂ. "ಐಸ್ ಡ್ಯಾಮ್" ಅಂದರು. ಆಮೇಲೆ ತಮ್ಮ ಚಾವಣಿ ತೋರಿಸಿದರು. ಅಲ್ಲಿ ಸ್ನೋ ಹಾಸಿದ ಕಂಬಳಿಯ ಹಾಗೆ ಸಮವಾಗಿ ಕೂತಿತ್ತು. ನಮ್ಮದರಲ್ಲಿ ನೆತ್ತಿಯ ಹತ್ತಿರ ಎರಡು ಕಡೆ ಕಪ್ಪು ಶಿಂಗಲ್, ಅಂದರೆ ಚಾವಣಿಯ ಹೊದಿಕೆ, ಕಾಣುತ್ತಿತ್ತು. ಸ್ನೋ ಕರಗಿದೆ, ನಮ್ಮ ಚಾವಣಿಯೇ ವಾಸಿ ಅಂತ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ!

ಲೆಕ್ಕ ತಿರುಗಾ ಮುರುಗಾ. ಚಾವಣಿಯನ್ನು ದೋಸೆ ಕಾವಲಿ ಅಂದುಕೊಳ್ಳಿ. ನಡುವೆ ಕಾವು ಜಾಸ್ತಿ, ಅಂಚಿನಲ್ಲಿ ಕಡಿಮೆ. ಮನೆಯೊಳಗಿನ ಬಿಸಿ ಗಾಳಿ ಸಂದಿಗೊಂದಿಯಿಂದ ಅಟ್ಟಕ್ಕೆ ನುಗ್ಗಿ ಚಾವಣಿ ಹಲಗೆಯನ್ನು ಕೆಳಗಿನಿಂದ ಕಾಯಿಸುತ್ತದೆ. ಸ್ನೋದ ಅಡಿಭಾಗ ಕರಗಿ ನೀರು ಕೆಳಗೆ ಹರಿಯುತ್ತದೆ. ಸೂರಿನ ಅಂಚು ಗೋಡೆಯಿಂದ ಆಚೆ ಚಾಚಿದೆ, ಅದರ ಕೆಳಗೆ ಮನೆಯ ಕಾವಿಲ್ಲ. ಅಲ್ಲಿಗೆ ಬಂದ ನೀರು ಹೆಪ್ಪುಗಟ್ಟುತ್ತದೆ. ದಿನಾ ಒಂದೊಂದು ಪದರ ಏರಿ ಕಟ್ಟೆಯಾಗುತ್ತದೆ. ಕಟ್ಟೆಯ ಹಿಂದೆ ಕೆರೆ. ಶಿಂಗಲ್ ಅನ್ನುವುದು ಒಂದರ ಮೇಲೊಂದು ಹೊದಿಸಿದ ತುಂಡು, ಹಂಚಿನ ಹಾಗೇ. ಮೇಲಿನಿಂದ ಕೆಳಗೆ ಹರಿಯುವ ನೀರನ್ನು ತಡೆಯುತ್ತದೆ. ನಿಂತ ನೀರು ಹಿಂದಕ್ಕೆ ಏರಿ ಅಡಿಗೆ ನುಸುಳಿದರೆ ಅದರಿಂದ ಏನೂ ಮಾಡಲಾಗದು.

ಮೊದಲು ನಾನು ಮಾಡಿದ್ದು ಹತಾಶ ಕೆಲಸ. ಸುತ್ತಿಗೆ ತಗೊಂಡು ಏಣಿ ಹತ್ತಿದೆ. ನಾಲ್ಕು ಏಟಿಗೆ ಐಸಿನ ಜೊತೆ ಶಿಂಗಲಿನ ಮೂಲೆಯೂ ಕಿತ್ತು ಬಂತು. ಚಳಿಯಲ್ಲಿ ಶಿಂಗಲ್ ಹಪ್ಪಳದ ಹಾಗೆ ಮುರಿಯುತ್ತದೆ. ಏಣಿಯ ಕಾಲು ಐಸಿನ ಮೇಲೆ ಒಮ್ಮೆ ಜಾರಿತು, ಗಟರ್ ಹಿಡಿದು ಉಳಿದುಕೊಂಡೆ. ಅಲ್ಲಿಗೆ ಆ ಸಾಹಸ ಮುಗಿಯಿತು.

ಆಮೇಲೆ ಉಪ್ಪು. ರಸ್ತೆಗೆ ಹಾಕುವ ಸಾದಾ ಉಪ್ಪು ಗಟರಿನ ಲೋಹ ತಿನ್ನುತ್ತದೆ, ಕೆಳಗಿನ ಗಿಡ ಸುಡುತ್ತದೆ, ಮೈನಸ್ 10ರ ಆಸುಪಾಸಿನಲ್ಲಿ ಕೆಲಸವನ್ನೂ ನಿಲ್ಲಿಸುತ್ತದೆ. ಬೇಕಾದದ್ದು ಕ್ಯಾಲ್ಸಿಯಂ ಕ್ಲೋರೈಡ್, ಅದು ಇನ್ನೂ ಕಡು ಚಳಿಯಲ್ಲೂ ಕರಗಿಸುತ್ತದೆ. ಹೆಂಗಸರ ಉದ್ದ ನೈಲಾನ್ ಕಾಲುಚೀಲಕ್ಕೆ ಅದನ್ನು ತುಂಬಿ, ಕಟ್ಟೆಯ ಮೇಲೆ ಅಡ್ಡಡ್ಡ ಅಲ್ಲ, ಮೇಲಿನಿಂದ ಕೆಳಕ್ಕೆ ಇಳಿಬಿಡಬೇಕು. ಅದು ಐಸಿನಲ್ಲಿ ಒಂದು ಕಾಲುವೆ ಕೊರೆದು ಹಿಂದೆ ನಿಂತ ನೀರಿಗೆ ದಾರಿ ಮಾಡುತ್ತದೆ. ಊಟದ ಮೇಜಿನ ಮೇಲೆ ಆರು ಕಾಲುಚೀಲ ತುಂಬುತ್ತಿದ್ದಾಗ ನನ್ನ ಹೆಂಡತಿ ಬಂದು ನೋಡಿದಳು. "ಏನ್ರೀ ಇದು, ಹೆಬ್ಬಾವು ಸಾಕ್ತಿದೀರಾ?" ಅಂದಳು. ಹೆಬ್ಬಾವುಗಳನ್ನು ಕೋಲಿನಿಂದ ಮೇಲೆ ದಾಟಿಸಿದೆ. ಎರಡು ಕಡೆ ಕಾಲುವೆ ಬಿತ್ತು, ನೀರು ಇಳಿಯಿತು. ಆದರೆ 50 ಅಡಿ ಉದ್ದದ ಕಟ್ಟೆಗೆ ಆರು ಕಾಲುಚೀಲ ಎಲ್ಲಿ ಸಾಕು?

ಕೊನೆಗೆ ಸ್ಟೀಮ್‌ನವರನ್ನು ಕರೆಸಿದೆ. ಊರೆಲ್ಲ ಸೋರುತ್ತಿದ್ದ ಕಾಲ, ನಾಲ್ಕು ದಿನ ಕಾದೆವು. ಗಂಟೆಗೆ 400 ಡಾಲರ್, ಎರಡೂವರೆ ಗಂಟೆ. ಅವರು ಹಬೆಯಿಂದ ಐಸನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಕೆಳಗೆ ತಳ್ಳುತ್ತಿದ್ದರು, ಶಿಂಗಲಿಗೆ ಒಂದು ಗೀರೂ ಬೀಳಲಿಲ್ಲ. ಕರೆಸುವವರು ಒಂದು ವಿಷಯ ಕೇಳಿಕೊಳ್ಳಿ: ನಿಮ್ಮದು ಕಡಿಮೆ ಒತ್ತಡದ ಹಬೆಯೋ, ಪ್ರೆಷರ್ ವಾಷರ್ ಬಿಸಿನೀರೋ ಅಂತ. ಎರಡನೆಯದು ಶಿಂಗಲಿನ ಮೇಲಿನ ಹರಳನ್ನು ಕೆರೆದು ಹಾಕುತ್ತದೆ. ಸೀಲಿಂಗ್ ರಿಪೇರಿಗೆ ನನ್ನ ಇನ್ಶೂರೆನ್ಸ್ ದುಡ್ಡು ಕೊಟ್ಟಿತು, ಐಸು ತೆಗೆಸಿದ್ದಕ್ಕೆ ಕೊಡಲಿಲ್ಲ.

ಬೇಸಿಗೆ ಬಂತು. ರಿಪೇರಿಯವರನ್ನು ಕರೆಸಿದೆ. ಒಬ್ಬರು ಬಂದು ಗಟರ್ ಬದಲಿಸಿ ಅಂದರು. ಇನ್ನೊಬ್ಬರು ಅಂಚಿಗೆಲ್ಲ ಬಿಸಿ ತಂತಿ ಎಳೆಯೋಣ ಅಂದರು. ಮೂರನೆಯವರು ಹೊಸ ಚಾವಣಿಗೇ ಅಂದಾಜು ಬರೆದುಕೊಟ್ಟರು. ಮೂವರಲ್ಲಿ ಒಬ್ಬರೂ ಅಟ್ಟ ಹತ್ತಲಿಲ್ಲ. ಗಟರ್ ಇಲ್ಲದ ಮನೆಗೂ ಐಸ್ ಡ್ಯಾಮ್ ಬರುತ್ತದೆ, ಅಲ್ವಾ? ತಂತಿ ಕರೆಂಟು ತಿಂದು ಐಸಿನಲ್ಲಿ ಜಾಡು ಕೊರೆಯುತ್ತದೆ ಅಷ್ಟೆ, ಸೋರುವ ಕಾವು ಸೋರುತ್ತಲೇ ಇರುತ್ತದೆ. ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ ಹಾಗೆ.

ಸೆಪ್ಟೆಂಬರಿನಲ್ಲಿ ಎನರ್ಜಿ ಆಡಿಟ್, ಅಂದರೆ ಮನೆಯ ಕಾವು ಎಲ್ಲಿ ಸೋರುತ್ತದೆ ಅನ್ನುವ ತಪಾಸಣೆ, ಮಾಡಿಸಿದೆ. ಮುಂಬಾಗಿಲಿಗೆ ಒಂದು ದೊಡ್ಡ ಫ್ಯಾನು ಕಟ್ಟಿ ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತಾರೆ, ಬ್ಲೋವರ್ ಡೋರ್ ಅನ್ನುತ್ತಾರೆ. ಆಗ ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲೆಲ್ಲ ಗಾಳಿ ಒಳಗೆ ನುಗ್ಗುತ್ತದೆ. ಅಟ್ಟದ ಮುಚ್ಚಳದ ಕೆಳಗೆ ಕೈ ಹಿಡಿದೆ. ಬಸ್ಸಿನ ಕಿಟಕಿ ತೆರೆದ ಹಾಗೆ ಗಾಳಿ. ಬಂದವರು, "ಈ ಮನೆಯಲ್ಲಿ ವರ್ಷವಿಡೀ ಒಂದು ಕಿಟಕಿ ತೆರೆದೇ ಇದೆ ಅಂದುಕೊಳ್ಳಿ" ಅಂದರು.

ಅಕ್ಟೋಬರಿನ ತಂಪಿನಲ್ಲಿ ಅಟ್ಟ ಹತ್ತಿದೆ. ಮೊಣಕಾಲಿಗೆ ಪ್ಯಾಡು, ಮುಖಕ್ಕೆ ಮಾಸ್ಕು, ತಲೆಗೆ ಲೈಟು. ಕಾಲಿಡುವುದು ಮರದ ತೊಲೆಗಳ ಮೇಲೆ ಮಾತ್ರ. ನಡುವೆ ಇಟ್ಟರೆ ಸೀದಾ ಕೆಳಗಿನ ಕೋಣೆಗೆ. ಹಳೆಯ ಮನೆಯವರಿಗೆ ಒಂದು ಮಾತು: ಅಟ್ಟದಲ್ಲಿ ಇನ್ಸುಲೇಷನ್ ಆಗಿ, ಅಂದರೆ ಕಾವು ತಡೆಯಲು, ಸಣ್ಣ ಹೊಳೆಯುವ ಬೆಣಚು ಕಲ್ಲಿನಂಥ ವರ್ಮಿಕ್ಯುಲೈಟ್ ಹಾಸಿದ್ದರೆ ಮುಟ್ಟಬೇಡಿ. ಮೊಂಟಾನದ ಲಿಬ್ಬಿ ಗಣಿಯಿಂದ 1990ರವರೆಗೆ ಬಂದ ಮಾಲಿನಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ಬೆರೆತಿತ್ತು. ನಮ್ಮದರಲ್ಲಿ ಇದ್ದದ್ದು ಗುಲಾಬಿ ಫೈಬರ್‌ಗ್ಲಾಸ್, ಐದು ಇಂಚು, ಅದೂ ಹಳೆ ಹಾಸಿಗೆಯ ಹಾಗೆ ಕುಸಿದದ್ದು.

ಆ ಗುಲಾಬಿಯ ನಡುವೆ ಅಲ್ಲಲ್ಲಿ ಮಸಿ ಬಳಿದ ಹಾಗೆ ಕಪ್ಪು ಕಲೆಗಳು. ಮೊದಲು ಬೂಷ್ಟು ಅಂದುಕೊಂಡೆ. ಅದು ಧೂಳು. ವರ್ಷಾನುಗಟ್ಟಲೆ ಕೆಳಗಿನಿಂದ ಗಾಳಿ ಹಾದುಹೋಗಿ, ಫೈಬರ್‌ಗ್ಲಾಸ್ ಚಹಾ ಸೋಸುವ ಬಟ್ಟೆಯ ಹಾಗೆ ಅದನ್ನು ಸೋಸಿಟ್ಟಿದೆ. ಎಲ್ಲಿ ಸೋರುತ್ತಿದೆ ಅಂತ ಮನೆ ತಾನೇ ಗುರುತು ಹಾಕಿಟ್ಟಿತ್ತು. ಒಂದೊಂದು ಕಲೆ ಎತ್ತಿ ನೋಡಿದರೂ ಕೆಳಗೆ ಒಂದೊಂದು ತೂತು: ವೈರು ಇಳಿದ ಜಾಗ, ಪೈಪು ಏರಿದ ಜಾಗ, ಒಳಗೋಡೆಯ ನೆತ್ತಿ. ಅನುಮಾನ ಇದ್ದಲ್ಲಿ ಚಳಿ ಬಿದ್ದ ಮೇಲೆ ದೇವರ ಗೂಡಿನ ಊದುಬತ್ತಿ ತಂದು ಕೆಳಗಿನಿಂದ ಹಿಡಿದೆ. ಸೀಲಿಂಗ್ ಲೈಟಿನ ಅಂಚಿನಲ್ಲಿ ಹೊಗೆ ಸುಯ್ಯೆಂದು ಮೇಲೆ ಹೋಯಿತು.

ದೊಡ್ಡ ಕಳ್ಳ ಸಿಕ್ಕಿದ್ದು ಬಚ್ಚಲುಮನೆಯ ಮೇಲೆ. ಎಕ್ಸಾಸ್ಟ್ ಫ್ಯಾನಿನ ಕೊಳವೆ ಚಾವಣಿಯ ಆಚೆಗೆ ಹೋಗಬೇಕಿತ್ತು. ಅದು ಯಾವ ಕಾಲದಲ್ಲೋ ಕಳಚಿ ಅಟ್ಟದಲ್ಲೇ ಬಾಯಿ ತೆರೆದು ಬಿದ್ದಿತ್ತು. ನಾವು ದಿನಾ ಸ್ನಾನ ಮಾಡಿದ ಹಬೆಯೆಲ್ಲ ನೇರ ಅಟ್ಟಕ್ಕೆ. ಸುತ್ತಲಿನ ಮೊಳೆಗಳ ತುದಿ ತುಕ್ಕು ಹಿಡಿದು ಕೆಂಪಾಗಿದ್ದವು, ಹಲಗೆ ಕಪ್ಪಾಗಿತ್ತು. ಚಾವಣಿಯ ನೆತ್ತಿಯಲ್ಲಿ ಸ್ನೋ ಕರಗಿ ಕಂಡಿದ್ದ ಎರಡು ಜಾಗಗಳಲ್ಲಿ ಒಂದು ಸರಿಯಾಗಿ ಇದರ ಮೇಲೇ. ಇನ್ನೊಂದು ಅಡುಗೆಮನೆಯ ಮೇಲೆ, ಮನೆ ಬಿಸಿಮಾಡುವ ಫರ್ನೇಸಿನ ಹೊಗೆಕೊಳವೆ ಏರುವ ಕಡೆ. ಅಲ್ಲಿ ಕೊಳವೆಯ ಸುತ್ತ ಕೈ ತೂರುವಷ್ಟು ಸಂದಿ.

ಸಣ್ಣ ತೂತಿಗೆಲ್ಲ ಸ್ಪ್ರೇ ಫೋಮ್. ಹೊಗೆಕೊಳವೆಗೆ ಮಾತ್ರ ಫೋಮ್ ತಾಕಿಸಬಾರದು, ಅದು ಸುಡುತ್ತದೆ. ಅಲ್ಲಿ ತಗಡು ಕತ್ತರಿಸಿ ಸುತ್ತ ಕೂರಿಸಿ, ಕಾವು ತಡೆಯುವ ಕಾಕ್ ಅನ್ನುವ ಅಂಟು ಹಚ್ಚಿದೆ. ಸೀಲಿಂಗಿನೊಳಗೆ ಹುದುಗಿಸಿದ್ದ ಹಳೆಯ ಲೈಟುಗಳನ್ನು ಇನ್ಸುಲೇಷನ್ ತಾಕಿದರೂ ತೊಂದರೆಯಿಲ್ಲದ, ಗಾಳಿ ಸೋರದ ಎಲ್ಇಡಿಗೆ ಬದಲಾಯಿಸಿದೆ. ಬಚ್ಚಲ ಫ್ಯಾನಿಗೆ ಹೊಸ ಕೊಳವೆ ಹಾಕಿ ಚಾವಣಿ ದಾಟಿಸಿದೆವು. ಅಟ್ಟದ ಮುಚ್ಚಳಕ್ಕೆ ರಬ್ಬರ್ ಪಟ್ಟಿ, ಮೇಲೆ ದಪ್ಪ ಫೋಮ್ ಹಲಗೆ. ಮೂರು ವಾರಾಂತ್ಯ ಹಿಡಿಯಿತು. ಸಾಮಾನಿಗೆ 300 ಡಾಲರ್ ಕೂಡ ಆಗಲಿಲ್ಲ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಅಂತ ನನ್ನ ಲೆಕ್ಕ.

ಆಮೇಲೆ ಇನ್ಸುಲೇಷನ್. ಈ ಕ್ರಮ ತಪ್ಪಿಸಬೇಡಿ. ತೂತು ಮುಚ್ಚದೆ ಮೇಲೆ ಎಷ್ಟು ಸುರಿದರೂ ಗಾಳಿ ಅದರ ನಡುವಿನಿಂದಲೇ ಹೋಗುತ್ತದೆ, ಸ್ವೆಟರ್ ಹಾಕಿ ಬೈಕಿನಲ್ಲಿ ಹೋದ ಹಾಗೆ. ನಮ್ಮ ಚಳಿಗೆ ಬೇಕಾದದ್ದು ಆರ್ 49 (ಆರ್ ಅನ್ನುವುದು ಕಾವು ತಡೆಯುವ ಶಕ್ತಿಯ ಅಳತೆ), ಅಂದರೆ ಸೆಲ್ಯುಲೋಸ್ ಆದರೆ ಒಟ್ಟು 14 ಇಂಚಿನಷ್ಟು. ಸೆಲ್ಯುಲೋಸ್ ಅಂದರೆ ಬೆಂಕಿ ಹಿಡಿಯದ ಹಾಗೆ ಮದ್ದು ಬೆರೆಸಿದ ಹಳೆ ನ್ಯೂಸ್‌ಪೇಪರಿನ ಪುಡಿ. ಇಂತಿಷ್ಟು ಚೀಲ ತಗೊಂಡರೆ ಅಂಗಡಿಯವರು ಊದುವ ಯಂತ್ರ ಬಾಡಿಗೆ ಇಲ್ಲದೆ ಕೊಡುತ್ತಾರೆ. 48 ಚೀಲ ತಂದೆ. ದಾವಣಗೆರೆಯ ಗೆಳೆಯ ಕೆಳಗೆ ಚೀಲ ಸುರಿಯುತ್ತಾ, ನಾನು ಮೇಲೆ ಪೈಪು ಹಿಡಿದು ಊದುತ್ತಾ. ಸಂಜೆ ಇಳಿದಾಗ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದ ಹಾಗಿದ್ದೆವು. ಊದುವ ಮುಂಚೆ ಸೂರಿನ ಹತ್ತಿರ ಪ್ರತಿ ಸಂದಿಗೂ ಬ್ಯಾಫಲ್ ಹೊಡೆದಿದ್ದೆ. ಸೂರಿನ ಅಡಿಯ ಕಿಂಡಿಯಿಂದ ತಣ್ಣನೆ ಗಾಳಿ ಒಳಬಂದು ನೆತ್ತಿಯ ಕಿಂಡಿಯಿಂದ ಹೋಗಬೇಕು, ಅದಕ್ಕೆ ದಾರಿ ಬಿಡುವ ದೋಣಿಯಂಥ ಹಾಳೆ ಅದು. ಎಷ್ಟೋ ಮನೆಗಳಲ್ಲಿ ಇನ್ಸುಲೇಷನ್ ಸುರಿದು ಆ ಕಿಂಡಿಯನ್ನೇ ಮುಚ್ಚಿರುತ್ತಾರೆ. ಮನೆ ಬಿಗಿಯಾದ ಮೇಲೆ ಫರ್ನೇಸಿನ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಅಂತ ಪರೀಕ್ಷೆ ಮಾಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಹೊಸದು ಹಾಕಿದೆ.

ಅಟ್ಟದಲ್ಲಿ ಒಂದು ವೈರ್‌ಲೆಸ್ ಥರ್ಮಾಮೀಟರ್ ಇಟ್ಟಿದ್ದೇನೆ. ಐಸು ಕಟ್ಟಿದ ಆ ವರ್ಷ, ಹೊರಗೆ ಮೈನಸ್ 15 ಇದ್ದಾಗ ಅಟ್ಟದಲ್ಲಿ 6 ಡಿಗ್ರಿ ಇತ್ತು. ಕೆಲಸ ಮುಗಿದ ಚಳಿಗಾಲದಲ್ಲಿ, ಅಂಥದೇ ದಿನ, ಮೈನಸ್ 11. ಅಟ್ಟ ನಡುಗುತ್ತಿದೆ ಅಂತ ಅಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು. ನಿಜವಾದ ಪರೀಕ್ಷೆ 2022-23ರಲ್ಲಿ ಬಂತು. ಆ ಸಲ ಮಿನಿಯಾಪೊಲಿಸ್‌ಗೆ ಬಿದ್ದದ್ದು 90 ಇಂಚು. ಬೀದಿಯಲ್ಲಿ ಸ್ಟೀಮ್ ಗಾಡಿಗಳು ಓಡಾಡಿದವು. ನಮ್ಮ ಚಾವಣಿಯ ಮೇಲೆ ಸ್ನೋ ಕಂಬಳಿಯ ಹಾಗೆ ಕೂತಿತ್ತು. ಮಗಳಿಗೆ ಮಾತ್ರ ಬೇಜಾರು, ಕತ್ತಿ ವರಸೆಗೆ ಪಕ್ಕದ ಬೀದಿಯ ಗೆಳತಿಯ ಮನೆಗೆ ಹೋಗಿ ಬಿಳಲು ಮುರಿದುಕೊಂಡು ಬರುತ್ತಿದ್ದಳು.

ಹಾಗಂತ ಪೂರ್ತಿ ಗೆದ್ದಿಲ್ಲ. ಗ್ಯಾರೇಜಿನ ಚಾವಣಿಯೂ ಮನೆಯ ಚಾವಣಿಯೂ ಕೂಡುವ ಮೂಲೆಯಲ್ಲಿ ಈಗಲೂ ಒಂದಿಷ್ಟು ಐಸು ಕಟ್ಟುತ್ತದೆ. ಎರಡು ಕಡೆಯ ಸ್ನೋ ಅಲ್ಲೇ ಬಂದು ಸೇರುತ್ತದೆ, ಒಳಗಿನಿಂದ ಆ ಸಂದಿಗೆ ಕೈ ಹೋಗುವುದಿಲ್ಲ. ಅಲ್ಲಿಗೆ ರೂಫ್ ರೇಕ್. 20 ಅಡಿಯ ಅಲ್ಯೂಮಿನಿಯಂ ಕೋಲಿನ ತುದಿಗೆ ಅಗಲವಾದ ಹಲಗೆ, ಅಡಿಯಲ್ಲಿ ಎರಡು ಸಣ್ಣ ಗಾಲಿ. ಆರು ಇಂಚಿಗಿಂತ ಜಾಸ್ತಿ ಬಿದ್ದ ದಿನ ನೆಲದ ಮೇಲೆ ನಿಂತೇ ಅಂಚಿನ ನಾಲ್ಕಡಿ ಎಳೆದುಹಾಕುತ್ತೇನೆ. ಶಿಂಗಲ್ ಕಾಣುವವರೆಗೆ ಕೆರೆಯುವುದಿಲ್ಲ, ಒಂದೆರಡು ಇಂಚು ಬಿಡುತ್ತೇನೆ. ಕರೆಂಟಿನ ತಂತಿ ಇರುವ ಕಡೆ ಆ ಕೋಲು ಎತ್ತುವುದೇ ಇಲ್ಲ. ನೇರ ಕೆಳಗೂ ನಿಲ್ಲಬಾರದು. ಮೊದಲ ದಿನ ನಿಂತಿದ್ದೆ, ಕಾಲರ್ ಒಳಗೆ ಒಂದು ಸೇರು ಸ್ನೋ ಇಳಿಯಿತು.

ಶಿಂಗಲಿಗೂ ವಯಸ್ಸಾಗಿದೆ, ಬದಲಿಸುವ ವರ್ಷ ಹತ್ತಿರ ಬಂತು. ಆಗ ಅಂಚಿನಿಂದ ಶುರುಮಾಡಿ ಗೋಡೆಯ ಗೆರೆ ದಾಟಿ ಎರಡಡಿ ಒಳಗಿನವರೆಗೆ ಐಸ್ ಆಂಡ್ ವಾಟರ್ ಶೀಲ್ಡ್ ಅನ್ನುವ ಅಂಟು ಹಾಳೆ ಹಾಸುತ್ತಾರೆ. ಇಲ್ಲಿನ ಕಟ್ಟಡ ನಿಯಮ ಕೇಳುವುದು ಅಷ್ಟು. ಆ ಮೂಲೆಗೆ ಮಾತ್ರ ಬುಡದಿಂದ ನೆತ್ತಿಯವರೆಗೂ ಹಾಸಿ ಅಂತ ಅಂದಾಜು ಕೊಡುವವರಿಗೆಲ್ಲ ಹೇಳುತ್ತಿದ್ದೇನೆ. ಬಂದವರನ್ನು ಮೊದಲು ಅಟ್ಟ ಹತ್ತಿಸುತ್ತೇನೆ. ಹತ್ತದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.